ಚನ್ನಾಜಮ್ಮ ಹೂಡಿದ ಮುಯ್ಯಿ

ಮಸಿನಗುಡಿಯ ಚನ್ನಾಜಮ್ಮ ಯಾರನ್ನೂ ನಂಬುವವಳಲ್ಲ. ಇದು ಅವಳ ಬೆನ್ನ ಹಿಂದೆ ಆಡುವ ಚಾಡಿ ಅಂದುಕೊಳ್ಳಬೇಡಿ. ಮುಖದ ಮುಂದೆ ಹೇಳಿದರೂ ಅವಳಿಗೆ ಬೇಸರವಿರಲಿಲ್ಲ, ಒಳಗೊಳಗೇ ಹೆಮ್ಮೆ ಇತ್ತು. ಎದುರಿಗೇ ಕರೆದು ಕೊಟ್ಟ ಹಾಲಿಗೂ ಬೆರಳದ್ದಿ ನೋಡುವಳು. ಕಂಡಕ್ಟರು ಸೀಟಿದೆ ಬನ್ನಿ ಎಂದು ಕೂಗಿದರೆ ಕಿಟಕಿಯಲ್ಲಿ ಇಣುಕಿ ಖಾತ್ರಿ ಮಾಡಿಕೊಂಡೇ ಹತ್ತುವಳು. ದೇವಸ್ಥಾನದಲ್ಲಿ ಕೈಮುಗಿಯುವಾಗಲೂ ಒಂದು ಕಣ್ಣು ಹೊರಗೆ ಬಿಟ್ಟ ಚಪ್ಪಲಿಯ ಮೇಲೆ.

ಈ ಗುಣ ಅವಳಿಗೆ ಸುಮ್ಮನೆ ಬಂದದ್ದಲ್ಲ. ಅಪ್ಪ ಪುಟ್ಟಯ್ಯ ಗುಂಡ್ಲುಪೇಟೆ ಕಡೆಯಿಂದ ಬಂದು ಮಸಿನಗುಡಿಯಲ್ಲಿ ದಿನಸಿ ಅಂಗಡಿ ಇಟ್ಟವನು. ಮಾತಾಡುವವನ ಬಾಯಿ ನೋಡಬೇಡ, ಕೈ ನೋಡು ಎಂದು ಮಗಳಿಗೆ ಚಿಕ್ಕಂದಿನಲ್ಲೇ ಪಾಠ ಮಾಡಿದ್ದ. ಉಳಿದ ಪಾಠವನ್ನು ಗಂಡ ನಂಜುಂಡೇಶ ಮಾಡಿ ಮುಗಿಸಿದ. ಮೈಸೂರಿನಲ್ಲಿ ಲಾರಿ ಕೆಲಸವೆಂದು ಹೋದವನು ನಂಜನಗೂಡಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಅದು ಊರಿಗೆಲ್ಲ ಗೊತ್ತಾಗಿ, ಕೊನೆಗೆ ಇವಳ ಕಿವಿಗೆ ಬಿತ್ತು. ಅಂದಿನಿಂದ ಯಾರು ಸಿಹಿಯಾಗಿ ಮಾತಾಡಿದರೂ ಅವಳ ಹುಬ್ಬು ಮೇಲೇರುತ್ತಿತ್ತು.

ಗೂಡಲೂರಿನಲ್ಲಿ ಕಚೇರಿ ಇಟ್ಟಿದ್ದ ಒಂದು ಸಣ್ಣ ಸೇವಾಸಂಸ್ಥೆ ಅವಳನ್ನು ಆ ಹೊತ್ತಿನಲ್ಲಿ ಕೈಹಿಡಿಯಿತು. ಎಸ್ಟೇಟಿನ ಲೈನುಮನೆಗಳಲ್ಲಿ, ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಶಿಶುವಿಹಾರ, ಮಹಿಳಾ ಸಂಘ ನಡೆಸುವ ಸಂಸ್ಥೆ. ಮೊದಲು ಮಕ್ಕಳ ಮೂಗು ಒರೆಸುವ ಆಯಾ ಆಗಿ ಸೇರಿದವಳು ನಿಧಾನವಾಗಿ ಮನೆಮನೆಗೆ ಹೋಗಿ ಹೆಂಗಸರ ಕಷ್ಟಸುಖ ವಿಚಾರಿಸುವ ಕಾರ್ಯಕರ್ತೆಯಾದಳು. ಆ ಕೆಲಸಕ್ಕೆ ಅವಳ ಅನುಮಾನ ಹೇಳಿ ಮಾಡಿಸಿದಂತಿತ್ತು. ಊಟ ಆಯಿತು ಅಂದ ಮನೆಯಲ್ಲಿ ಪಾತ್ರೆಯ ಮುಚ್ಚಳ ಎತ್ತಿ ನೋಡದೆ ಎದ್ದು ಬರುತ್ತಿರಲಿಲ್ಲ. ಜಾರಿ ಬಿದ್ದೆ ಅಂದವಳ ತೋಳನ್ನು ತಿರುಗಿಸಿ ನೋಡದೆ ಬಿಡುತ್ತಿರಲಿಲ್ಲ. ಗಂಡ ಬಿಟ್ಟವಳು ಎಂದು ಕರೆಯುತ್ತಿದ್ದ ಊರು ಈಗ ಸಂಘದ ಅಮ್ಮ ಬಂದರು ಎಂದು ಬಾಗಿಲು ತೆಗೆಯುತ್ತಿತ್ತು. ಈ ಕೆಲಸ ಹೋದರೆ ತಾನು ಮತ್ತೆ ಗಂಡ ಬಿಟ್ಟವಳೇ ಎಂಬ ಹೆದರಿಕೆ ಮಾತ್ರ ಅವಳನ್ನು ಬಿಡಲಿಲ್ಲ. ಎಸ್‌ಎಸ್‌ಎಲ್‌ಸಿಯೂ ಪಾಸಾಗಿರಲಿಲ್ಲ ನೋಡಿ.

ತೊಂಬತ್ತೆಂಟರ ಡಿಸೆಂಬರಿನಲ್ಲಿ ಆ ಹೆದರಿಕೆಗೆ ರೆಕ್ಕೆ ಬಂತು. ತಂದವಳು ವಳ್ಳಿ. ಗೂಡಲೂರು ಕಡೆಯ ಎಸ್ಟೇಟಿನಲ್ಲಿ ಎಲೆ ಕೀಳುವವಳ ಮಗಳು, ಹನ್ನೆರಡನೇ ತರಗತಿ ಓದಿದ ಹುಡುಗಿ. ಕೆಲಸ ಕಲಿಯಲೆಂದು ಚನ್ನಾಜಮ್ಮನ ಹಿಂದೆ ತಿರುಗಿ ತಿರುಗಿ ಕೆಲಸದ ಜೊತೆ ಕನ್ನಡವನ್ನೂ ಕಲಿತಿದ್ದಳು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಮೆಲ್ಲಗೆ ಕೇಳಿದಳು.

“ಅಕ್ಕಾ, ನಮ್ಮಲ್ಲಿ ಇಬ್ಬರನ್ನ ಕೆಲಸದಿಂದ ತೆಗೀತಾರಂತೆ, ಹೌದಾ?”

ಚನ್ನಾಜಮ್ಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಯಾರು ಹೇಳಿದರು, ನಿನಗೆ ಹೇಗೆ ಗೊತ್ತು, ಒಂದನ್ನೂ ಕೇಳಲಿಲ್ಲ. ಕೇಳದೆಯೇ ನಂಬಿಬಿಟ್ಟಳು. ಒಳ್ಳೆಯ ಸುದ್ದಿಯನ್ನು ನೂರು ಸಲ ತಿರುಗಿಸಿ ನೋಡುವ ಹೆಂಗಸು ಕೆಟ್ಟ ಸುದ್ದಿಯನ್ನು ಹಾಗೇ ನುಂಗುತ್ತಿದ್ದಳು. ಸಂಜೆಯೊಳಗೆ ಅವಳಿಂದಲೇ ಆ ಮಾತು ಕಚೇರಿಯ ಎಲ್ಲರ ಬಾಯಲ್ಲೂ ಇತ್ತು.

ಜನವರಿಯಲ್ಲಿ ನಿರ್ದೇಶಕ ಸುರೇಂದ್ರನ್ ಎಲ್ಲರನ್ನೂ ಕರೆದು, ಊಟಿಯಲ್ಲಿ ಮೂರು ದಿನದ ತರಬೇತಿ ಇದೆ, ಕೊಯಮತ್ತೂರಿನಿಂದ ಒಬ್ಬರು ಮೇಡಂ ಬಂದು ಆಟ, ಚಿತ್ರ, ನಾಟಕಗಳ ಮೂಲಕ ಗುಂಪಿನಲ್ಲಿ ಕೆಲಸ ಮಾಡುವುದನ್ನು ಹೇಳಿಕೊಡುತ್ತಾರೆ ಎಂದಾಗ ಚನ್ನಾಜಮ್ಮನಿಗೆ ಎಲ್ಲ ಅರ್ಥವಾಗಿಹೋಯಿತು. ತರಬೇತಿಯಂತೆ! ಇಬ್ಬರನ್ನು ಆರಿಸಿ ತೆಗೆಯುವ ಜರಡಿ ಅದು.

ಫರ್ನ್‌ಹಿಲ್ ಕಡೆಯ ಒಂದು ಹಳೆಯ ಬಂಗಲೆಯಲ್ಲಿ ತರಬೇತಿ. ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಉಪ್ಪು ಚೆಲ್ಲಿದ ಹಾಗೆ ಬಿದ್ದಿರುತ್ತಿತ್ತು. ಎಂಟು ಜನ ಕಾರ್ಯಕರ್ತರು ಸ್ವೆಟರು, ಮಂಕಿ ಟೋಪಿ ಹಾಕಿಕೊಂಡು ಚಾಪೆಯ ಮೇಲೆ ಮುದುರಿ ಕೂತರು. ಕಲಿಸಲು ಬಂದ ಸಿಂಧುಜಾ ಮೇಡಮ್ಮಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಬಣ್ಣದ ಕಾಗದ, ಜೇಡಿಮಣ್ಣು, ಒಂದು ತಮಟೆ, ಇಷ್ಟು ಅವಳ ಸಾಮಾನು. “ಇಲ್ಲಿ ನಡೆದದ್ದು ಇಲ್ಲೇ ಇರುತ್ತೆ. ಯಾರಿಗೂ ಮಾರ್ಕು ಇಲ್ಲ,” ಎಂದು ಮೊದಲೇ ತಮಿಳಿನಲ್ಲಿ ಹೇಳಿದಳು. ಮಾರ್ಕು ಇಲ್ಲ ಎಂದು ಕೇಳದೆಯೇ ಹೇಳುತ್ತಿದ್ದಾಳೆಂದರೆ ಮಾರ್ಕು ಇದ್ದೇ ಇದೆ ಎಂದು ಚನ್ನಾಜಮ್ಮ ಲೆಕ್ಕ ಹಾಕಿದಳು.

ಮಣ್ಣು ಕೊಟ್ಟು, ನಿಮ್ಮ ಕೆಲಸ ನಿಮಗೆ ಹೇಗೆ ಕಾಣುತ್ತದೋ ಹಾಗೆ ಏನಾದರೂ ಮಾಡಿ ಎಂದಾಗ ಒಬ್ಬರು ಮರ ಮಾಡಿದರು, ಒಬ್ಬರು ಸೇತುವೆ. ಚನ್ನಾಜಮ್ಮ ಮುಚ್ಚಳ ಹಾಕಿದ ಮಡಕೆ ಮಾಡಿಟ್ಟಳು. ಒಳಗೇನಿದೆ ಎಂದು ಮೇಡಂ ಕೇಳಿದರೆ ಏನಿಲ್ಲ ಎಂದಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಜೊತೆಗಾರರ ಕೈಹಿಡಿದು ತೋಟದಲ್ಲಿ ನಡೆಯಿರಿ ಎಂದಾಗ ಬಟ್ಟೆಯ ಕೆಳಗೆ ಸಂದಿ ಬಿಟ್ಟುಕೊಂಡು ಆರಾಮವಾಗಿ ನಡೆದಳು. ಅವಳ ಕೈಹಿಡಿದಿದ್ದ ಭೋಜನ್ ತುಮ್ಮನಟ್ಟಿಯ ಬಡಗ ಸಮುದಾಯದವನು, ಆಲೂಗಡ್ಡೆ ಹೊಲ ಬಿಟ್ಟು ಈ ಕೆಲಸಕ್ಕೆ ಬಂದ ಐವತ್ತರ ಮನುಷ್ಯ, ಮಾತು ಕಡಿಮೆ. “ನೀವೇ ನನ್ನ ನಡೆಸ್ಕಂಡು ಹೋಗಂಗದೆ ಚನ್ನಾಜಮ್ಮ,” ಎಂದು ನಕ್ಕ.

ಮೊದಲ ದಿನದ ಕೊನೆಯ ಆಟ ಅವಳ ನಿದ್ದೆ ಕೆಡಿಸಿತು. ಸಿಂಧುಜಾ ಒಂದು ಪ್ರಶ್ನೆ ಕೇಳುವಳು. ಎಲ್ಲರೂ ಎದ್ದು, ಉತ್ತರಕ್ಕೆ ತಕ್ಕವರ ಹತ್ತಿರ ಹೋಗಿ ಅವರ ಹೆಗಲ ಮೇಲೆ ಕೈಯಿಟ್ಟು ನಿಲ್ಲಬೇಕು, ಅಷ್ಟೆ. ಗುಂಪಿನಲ್ಲಿ ಯಾರು ಯಾರತ್ತ ವಾಲುತ್ತಾರೆ ಎಂಬುದು ಮಾತಿಲ್ಲದೆ ಕಣ್ಣಿಗೆ ಕಾಣುತ್ತದೆ, ನಿಮ್ಮ ಮಹಿಳಾ ಸಂಘಗಳಲ್ಲೂ ಮಾಡಿ ನೋಡಬಹುದು ಎಂದಳು. ಪ್ರಶ್ನೆ ಹಗುರವಾದದ್ದು: ದೂರದ ಊರಿಗೆ ಬಸ್ಸಿನಲ್ಲಿ ಹೋಗುವಾಗ ಯಾರ ಪಕ್ಕ ಕೂರುತ್ತೀರಿ? ಚನ್ನಾಜಮ್ಮ ಭೋಜನ್ನನ ಹೆಗಲಿಗೆ ಕೈಯಿಟ್ಟಳು, ಅವನಾದರೆ ಹತ್ತಿದ ಕೂಡಲೇ ಮಲಗುತ್ತಾನೆ. ಕಿಲಕಿಲ ನಗುತ್ತಾ ಉಳಿದವರೆಲ್ಲ ಅವರಿವರ ಹೆಗಲು ಹಿಡಿದರು. ಗುಂಪಿನಲ್ಲೇ ಇದ್ದ ಮೇಲ್ವಿಚಾರಕ ರಂಗನಾಥನ್‌ಗೆ ಮೂರು ಕೈ ಬಿದ್ದವು. ಚನ್ನಾಜಮ್ಮನ ಹೆಗಲ ಮೇಲೆ ಒಂದೂ ಇಲ್ಲ. ಬಸ್ಸಿನ ಪ್ರಶ್ನೆಗೆ ಅಷ್ಟೊಂದು ನೋವಾಗಬಾರದಿತ್ತು, ಆಯಿತು. ಜರಡಿಯಲ್ಲಿ ತಾನು ಕೆಳಗೆ ಬಿದ್ದಂತೆಯೇ ಎಂದುಕೊಂಡಳು.

ನಾಡಿದ್ದು ಬೆಳಿಗ್ಗೆ ಇದೇ ಆಟ ಇನ್ನೊಮ್ಮೆ, ಈ ಸಲ ಗಟ್ಟಿಯಾದ ಪ್ರಶ್ನೆ, ಅಂದೇ ನಿರ್ದೇಶಕರೂ ಬರುತ್ತಾರೆ ಎಂದು ಗೊತ್ತಾದ ಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಎರಡನೆಯ ದಿನ ಚಹಾದ ಹೊತ್ತಿಗೆ, ಮೇಡಂ ಒಳಗಿದ್ದಾಗ, ಅಡುಗೆಮನೆಯ ಹಿಂದಿನ ಬಿಸಿಲಿಗೆ ಎಲ್ಲರನ್ನೂ ಸೇರಿಸಿದಳು. ಕೈಯಲ್ಲಿ ಚಹಾ, ವರ್ಕಿ ಬಿಸ್ಕತ್ತು.

“ಯಾರ ಹೆಗ್ಲು ಬರಿದಾಗಿರ್ತದೋ ಅವರ್ನ ತಗೀತಾರೆ. ಬೇರೇನೂ ಅಲ್ಲ, ಇದು ಅದೇಯ,” ಎಂದಳು. “ನಮ್ಮ ಕಡೆ ಮುಯ್ಯಾಳು ಅಂತ ಮಾಡ್ತಾರೆ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ಇನ್ನೊಬ್ಬರು. ಯಾರ ಹೊಲವೂ ಆಳಿಲ್ದೆ ಬೀಳು ಬೀಳಕಿಲ್ಲ. ನಾಳೀಕ್ಕೆ ಮೇಡಂ ಏನಾರ ಕೇಳ್ಲಿ, ನಾವು ಮುಯ್ಯಿ ಕೈ ಇಡಮ. ಒಬ್ಬರ ಮ್ಯಾಲೆ ಒಬ್ಬರು, ಸುತ್ತಾ. ಎಲ್ಲರಿಗೂ ಒಂದೊಂದೇ ಕೈ.”

ಇದು ಎಲ್ಲರ ಒಳಿತಿಗೆ ಎಂದು ಅವಳು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ತನ್ನ ಬರಿದಾದ ಹೆಗಲು ಮರೆತಿದ್ದರೆ ಅವಳಿಗೆ ಈ ಉಪಾಯ ಹೊಳೆಯುತ್ತಲೇ ಇರಲಿಲ್ಲ. ರಂಗನಾಥನ್ ನಿರ್ದೇಶಕರಿಗೆ ಚಾಡಿ ಹೇಳುವವನೆಂದು ಅವಳಿಗೆ ಎಂದಿನಿಂದಲೋ ಗುಮಾನಿ. ಅದಕ್ಕೇ ಬೇಕೆಂದೇ ಅವನನ್ನೂ ಸೇರಿಸಿಕೊಂಡಳು. ತಾನೂ ಪಾಲುಗಾರನಾದರೆ ಬಾಯಿ ಬಿಡಲಾರ. ಅವನು ವರ್ಕಿ ಮುರಿಯುತ್ತಾ ನಕ್ಕು ಒಪ್ಪಿದ.

“ಆಗಲಿ ಚನ್ನಾಜಮ್ಮ. ನನ್ನ ಹೆಗಲಿಗೆ ವಳ್ಳಿ ಇಡಲಿ, ಚಿಕ್ಕವಳು.”

“ಅಕ್ಕಾ, ನಾನು ಬೇರೆ ಯಾರಿಗಾದರೂ ಇಡ್ತೀನಿ,” ಎಂದಳು ವಳ್ಳಿ.

“ಸುಮ್ಕಿರಮ್ಮಿ. ಒಬ್ಬಳು ಜಾಗ ಬದಲಾಯಿಸಿದ್ರೆ ಸುತ್ತೆಲ್ಲ ಕೆಡ್ತದೆ,” ಎಂದು ಚನ್ನಾಜಮ್ಮ ಗದರಿದಳು. ತೋಳು ತಿರುಗಿಸಿ ನೋಡುವ ಕಣ್ಣಿಗೆ ಆ ಹುಡುಗಿಯ ಮುಖ ಕಾಣಲಿಲ್ಲ. ಅವಳು ಎಂಟು ಜನರನ್ನು ಬೆರಳ ಮೇಲೆ ಜೋಡಿಸುವುದರಲ್ಲಿದ್ದಳು.

ಮೂರನೆಯ ಬೆಳಿಗ್ಗೆ ಸಿಂಧುಜಾ ಎಲ್ಲರನ್ನೂ ನಿಲ್ಲಿಸಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಸಿ, ನಿಧಾನವಾಗಿ ಕೇಳಿದಳು: “ಯಾರಿಗೂ ಹೇಳಲಾಗದ ಒಂದು ಕಷ್ಟ ನಿಮಗಿದೆ ಅಂದುಕೊಳ್ಳಿ. ಇಲ್ಲಿ ಒಬ್ಬರಿಗೆ ಮಾತ್ರ ಹೇಳಬಹುದು. ಯಾರಿಗೆ ಹೇಳುತ್ತೀರಿ?”

ಭೋಜನ್ ಬಂದು ಮಾತಿನಂತೆ ಚನ್ನಾಜಮ್ಮನ ಬಲಹೆಗಲಿಗೆ ಕೈಯಿಟ್ಟ. ಅವಳು ತನ್ನ ಪಾಲಿನವಳ ಹೆಗಲಿಗೆ ಇಟ್ಟಳು. ಸುತ್ತು ಸರಾಗವಾಗಿ ಕೂಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅವಳ ಎಡಹೆಗಲಿಗೆ ಇನ್ನೊಂದು ಕೈ ಬಂತು. ತಣ್ಣಗಿನ, ಸಣ್ಣ ಕೈ. ತಿರುಗಿದರೆ ವಳ್ಳಿ. ಅತ್ತ ರಂಗನಾಥನ್ ಬರಿಹೆಗಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದಾನೆ.

ಚನ್ನಾಜಮ್ಮನ ತಲೆಯಲ್ಲಿ ಎಷ್ಟು ಬೇಗ ಎಷ್ಟೊಂದು ಅನುಮಾನಗಳು ಹಾದವು! ಹುಡುಗಿ ಬೇಕೆಂದೇ ಆಟ ಕೆಡಿಸುತ್ತಿದ್ದಾಳೆ. ತನಗೆರಡು ಕೈ ಬಿದ್ದರೆ ತಾನೇ ಎಲ್ಲರನ್ನೂ ಎತ್ತಿಕಟ್ಟಿದ್ದೆಂದು ಮೇಡಮ್ಮಿಗೆ ಗೊತ್ತಾಗುತ್ತದೆ. ಮೇಲ್ವಿಚಾರಕನಿಗೆ ಸಿಟ್ಟು ಬಂದರೆ ಅವನು ಬಾಯಿ ಬಿಡುತ್ತಾನೆ. ಹೊರಗೆ ಜೀಪು ನಿಂತ ಸದ್ದಾಯಿತು, ಸುರೇಂದ್ರನ್ ಬಂದರು.

“ನಿನ್ ಜಾಗ ಇದಲ್ಲ,” ಎಂದು ಹಲ್ಲು ಕಚ್ಚಿಕೊಂಡು, ವಳ್ಳಿಯ ಮಣಿಕಟ್ಟು ಹಿಡಿದು, ಎಳೆದುಕೊಂಡು ಹೋಗಿ, ತನ್ನ ಕೈಯಾರೆ ಆ ಕೈಯನ್ನು ರಂಗನಾಥನ್ನನ ಹೆಗಲ ಮೇಲೆ ಇಟ್ಟಳು. ವಳ್ಳಿಯ ಬೆರಳುಗಳು ಬಿಚ್ಚಲಿಲ್ಲ. ಮುಷ್ಟಿ ಮಾಡಿಕೊಂಡೇ ಇದ್ದಳು. ಎಷ್ಟು ಕೊಬ್ಬು ಈ ಹುಡುಗಿಗೆ ಎಂದುಕೊಂಡು ಚನ್ನಾಜಮ್ಮ ತನ್ನ ಜಾಗಕ್ಕೆ ಓಡಿದಳು.

“ಚನ್ನಾಜಮ್ಮಾ, ಅವರ ಕೈ ಅವರಿಗೆ ಬಿಡಿ,” ಎಂದು ಸಿಂಧುಜಾ ಹತ್ತಿರ ಬರುವಷ್ಟರಲ್ಲಿ ಬಾಗಿಲಲ್ಲಿ ಸುರೇಂದ್ರನ್ ನಿಂತಿದ್ದರು. ಎಂಟು ಜನ ಸುತ್ತುಗಟ್ಟಿ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ನಿಂತದ್ದನ್ನು ಕಂಡು, ಆಟವೇನೆಂದು ಕೇಳಿ ತಿಳಿದು, ಅವರ ಕಣ್ಣಲ್ಲಿ ನೀರೇ ಬಂತು. ಇಂಥ ಒಗ್ಗಟ್ಟು ತಾನು ಎಲ್ಲೂ ಕಂಡಿಲ್ಲ ಎಂದರು. ಸಿಂಧುಜಾ ನಗಲಿಲ್ಲ. ಇಲ್ಲಿ ನಡೆದದ್ದು ಇಲ್ಲೇ ಎಂದು ತಾನೇ ಹೇಳಿದ್ದರಿಂದ ಕಂಡದ್ದನ್ನು ಅವರಿಗೆ ಹೇಳಲೂ ಇಲ್ಲ. ಮಧ್ಯಾಹ್ನ ವಳ್ಳಿಯನ್ನು ಪಕ್ಕಕ್ಕೆ ಕರೆದು ಏನೋ ಕೇಳಿದಳು. ವಳ್ಳಿ ಏನಿಲ್ಲವೆಂದು ತಲೆಯಾಡಿಸಿ ಬಂದುಬಿಟ್ಟಳು. ಸಂಜೆ ಎಲ್ಲರೂ ತಂತಮ್ಮ ಬಸ್ಸು ಹಿಡಿದರು. ಮಸಿನಗುಡಿಗೆ ಇಳಿಯುವ ತಿರುವುಗಳಲ್ಲಿ ಚನ್ನಾಜಮ್ಮ ಬಹಳ ದಿನದ ಮೇಲೆ ನೆಮ್ಮದಿಯಾಗಿ ತೂಕಡಿಸಿದಳು.

ಫೆಬ್ರವರಿ ಮೊದಲಲ್ಲಿ ಗೂಡಲೂರಿನ ಕಚೇರಿಗೆ ತುರ್ತಾಗಿ ಬರಬೇಕೆಂದು ಎಲ್ಲರಿಗೂ ಕರೆ ಬಂತು. ಇಬ್ಬರ ಹೆಸರು ಓದುತ್ತಾರೆ ಎಂದುಕೊಂಡೇ ಚನ್ನಾಜಮ್ಮ ಹೋದಳು. ಅಲ್ಲಿ ಬೇರೆಯೇ ವಿಷಯ. ವಳ್ಳಿ ಒಬ್ಬಳೇ ನಿರ್ದೇಶಕರ ಹತ್ತಿರ ಹೋಗಿ ದೂರು ಕೊಟ್ಟಿದ್ದಳು. ಲೈನುಮನೆಗಳ ಕೆಲಸ ನೋಡಲು ಹೋಗುವಾಗ ರಂಗನಾಥನ್ ತನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾನೆ, ನೀಲಗಿರಿ ತೋಪಿನೊಳಗೆ ನಿಲ್ಲಿಸುತ್ತಾನೆ, ಮೈ ಮುಟ್ಟುತ್ತಾನೆ. ಇಬ್ಬರನ್ನು ತೆಗೆಯುತ್ತಾರೆ, ಆರಿಸುವವನು ನಾನೇ ಎಂದು ಹೆದರಿಸುತ್ತಾನೆ.

ಚನ್ನಾಜಮ್ಮನಿಗೆ ಈಗ ಹೊಳೆಯಿತು. ಇಬ್ಬರನ್ನು ತೆಗೆಯುವ ಮಾತು ಬೇರೆಲ್ಲಿಂದಲೂ ಬಂದದ್ದಲ್ಲ. ಅವನು ಈ ಹುಡುಗಿಯ ಕುತ್ತಿಗೆಗೆ ಹಾಕಿದ್ದ ಹಗ್ಗ ಅದು. ಅದನ್ನೇ ತಾನು ಕಚೇರಿಗೆಲ್ಲ ಹಂಚಿದ್ದಳು.

ರಂಗನಾಥನ್ ಕುರ್ಚಿಯಲ್ಲಿ ನೆಟ್ಟಗೆ ಕೂತು ಶಾಂತವಾಗಿಯೇ ಮಾತಾಡಿದ.

“ಸಾರ್, ನೀವೇ ಕಣ್ಣಾರೆ ನೋಡಿದ್ದೀರಿ. ಯಾರಿಗೂ ಹೇಳಲಾಗದ ಕಷ್ಟ ಯಾರಿಗೆ ಹೇಳ್ತೀರಿ ಅಂತ ಮೇಡಂ ಕೇಳಿದಾಗ ವಳ್ಳಿ ಯಾರ ಹೆಗಲಿಗೆ ಕೈಯಿಟ್ಟಳು? ನಾನು ಅಂಥವನಾದರೆ ಎಲ್ಲರ ಮುಂದೆ ಬಂದು ಇಡ್ತಿದ್ದಳಾ?”

ಸುರೇಂದ್ರನ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ಅದೇ ಮಾತು ಮನಸ್ಸಿನಲ್ಲಿದ್ದಂತಿತ್ತು. “ಅದು ನಾನೂ ನೋಡಿದೆ ವಳ್ಳಿ,” ಎಂದರು. ವಳ್ಳಿ ಒಮ್ಮೆ ಚನ್ನಾಜಮ್ಮನ ಕಡೆ ನೋಡಿದಳು. ರಂಗನಾಥನ್‌ಗೆ ಆ ಸುತ್ತು ಕಟ್ಟಿದ್ದು ಹೇಗೆಂದು ಚೆನ್ನಾಗಿ ಗೊತ್ತಿತ್ತು. ಉಳಿದವರು ಬಾಯಿ ಬಿಟ್ಟರೆ ತಾವೂ ಸಿಕ್ಕಿಬೀಳುತ್ತಾರೆ ಎಂಬುದೂ ಗೊತ್ತಿತ್ತು. ಆ ಧೈರ್ಯದ ಮೇಲೆಯೇ ಅವನು ಹಾಗೆ ಕೂತಿದ್ದ.

ಈಗ ಬಾಯಿ ಬಿಟ್ಟರೆ ನಿರ್ದೇಶಕರ ಕಣ್ಣಲ್ಲಿ ನೀರು ತರಿಸಿದ ಆ ಒಗ್ಗಟ್ಟು ಬರೀ ನಾಟಕ, ಹೂಡಿದವಳು ತಾನು ಎಂದು ಒಪ್ಪಿಕೊಳ್ಳಬೇಕು. ಕೆಲಸ ಹೋಗುತ್ತದೆ, ಸಂಘದ ಅಮ್ಮ ಹೋಗುತ್ತಾಳೆ. ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ. ಚನ್ನಾಜಮ್ಮ ಗೋಡೆಗೆ ಒರಗಿ ಕೂತಿದ್ದವಳು ಎದ್ದು ನಿಂತಳು.

“ಆ ಕೈಯ ಅವಳು ಇಡ್ಲಿಲ್ಲ ಸಾರ್. ನಾನು ಇಟ್ಟದ್ದು. ಅವಳು ನನ್ನ ಹೆಗಲಿಗೆ ಇಟ್ಟಿದ್ಲು. ನಾನೇ ಕಿತ್ಕಂಡೋಗಿ ಅವರ ಮ್ಯಾಲೆ ಮಡಗ್ದೆ.”

ಮುಯ್ಯಿಯ ಮಾತು, ಅಡುಗೆಮನೆಯ ಹಿಂದೆ ಸೇರಿದ್ದು, ಎಲ್ಲವನ್ನೂ ಹೇಳಿದಳು. ಸುರೇಂದ್ರನ್ ಕೇಳಿಸಿಕೊಂಡರು. ಆಮೇಲೆ ಬೇಸರದ ದನಿಯಲ್ಲಿ, “ಚನ್ನಾಜಮ್ಮ, ನಿಮಗೆ ಯಾರ ಮೇಲೆ ಅನುಮಾನ ಇಲ್ಲ ಹೇಳಿ? ಅಡುಗೆಯವನು ಎಣ್ಣೆ ಕದ್ದ ಅಂದಿರಿ. ನಾನು ಜೀಪಿನ ಡೀಸೆಲ್ ಮಾರ್ತೀನಿ ಅಂತಲೂ ಅಂದಿದ್ದೀರಂತೆ. ಇವತ್ತು ರಂಗನಾಥನ್. ನಿಮ್ಮ ಮಾತಿಗೆ ನಾನು ಎಷ್ಟು ಬೆಲೆ ಕೊಡಲಿ?” ಎಂದರು.

ಅವಳು ಜೀವಮಾನವೆಲ್ಲ ಎಲ್ಲರ ಮೇಲೂ ಚೆಲ್ಲಿದ ಅನುಮಾನ ಬೇಕಾದ ಹೊತ್ತಿನಲ್ಲಿ ಕಾಸಿಗೂ ಬಾರದಾಯಿತು. ರಂಗನಾಥನ್ ಸಣ್ಣಗೆ ನಕ್ಕ. ಅವಳು ಉಳಿದವರ ಕಡೆ ತಿರುಗಿದಳು. ಒಬ್ಬೊಬ್ಬರೂ ಮುಖ ತಗ್ಗಿಸಿದರು. ಬೈಯಬೇಕೆನಿಸಿತು, ಬೈಯಲು ಬಾಯಿ ಬರಲಿಲ್ಲ. ಈ ಹೆದರಿಕೆ ಅವರಿಗೆ ಕಲಿಸಿದವಳು ತಾನೇ.

ಕೊನೆಗೆ ಬಾಯಿ ಬಿಟ್ಟವನು ಭೋಜನ್. “ಚನ್ನಾಜಮ್ಮ ಹೇಳಿದ್ದು ದಿಟ ಸಾರ್. ನಾನೂ ಒಪ್ಪಿದ್ದೆ. ನಾ ಇಟ್ಟ ಕೈಯೂ ಸುಳ್ಳೇ,” ಎಂದ. ಅವನ ಪಕ್ಕದವಳು ಹೌದೆಂದಳು. ಆಮೇಲೆ ಇನ್ನೊಬ್ಬರು. ಒಬ್ಬ ಹೇಳಿದ ಮೇಲೆ ಉಳಿದವರಿಗೆ ಕಷ್ಟವಾಗಲಿಲ್ಲ. ರಂಗನಾಥನ್ನನ ನಗು ಹಾಗೇ ಮುಖದ ಮೇಲೆ ಒಣಗಿತು. ಸುರೇಂದ್ರನ್ ವಳ್ಳಿಯ ಕಡೆ ಕುರ್ಚಿ ತಿರುಗಿಸಿದರು. “ಮೊದಲಿಂದ ಹೇಳಮ್ಮ. ಈ ಸಲ ಯಾರೂ ನಡುವೆ ಮಾತಾಡಲ್ಲ,” ಎಂದರು. ವಳ್ಳಿ ಹೇಳಿದಳು. ಎಲ್ಲವನ್ನೂ, ನಿಂತುಕೊಂಡೇ ಹೇಳಿದಳು.

ರಂಗನಾಥನ್ ಅದೇ ವಾರ ಹೋದ. ಕೂನೂರಿನಲ್ಲಿ ಇಂಥದ್ದೇ ಇನ್ನೊಂದು ಕೆಲಸ ಹಿಡಿದನೆಂದು ಆಮೇಲೆ ಸುದ್ದಿ ಬಂತು. ಅಲ್ಲಿಯವರಿಗೆ ಯಾರು ಹೇಳಬೇಕು ಎಂದು ಇಲ್ಲಿ ಯಾರೂ ಯೋಚಿಸಿದಂತೆ ಕಾಣಲಿಲ್ಲ. ಇಬ್ಬರನ್ನು ತೆಗೆಯುವ ಯೋಚನೆ ತಮಗೆಂದೂ ಇರಲಿಲ್ಲ ಎಂದು ಸುರೇಂದ್ರನ್ ಹೇಳಿದರು. ಚನ್ನಾಜಮ್ಮನನ್ನೂ ತೆಗೆಯಲಿಲ್ಲ. ಆದರೆ ಮನೆಮನೆಗೆ ಹೋಗುವ ಕೆಲಸ ಬಿಡಿಸಿ, ಅವಳು ಹಿಂದೆ ಹೊರಟ ಜಾಗಕ್ಕೇ, ಶಿಶುವಿಹಾರಕ್ಕೆ ಕಳಿಸಿದರು. ನ್ಯಾಯವೇ ಎಂದು ಅವಳು ಒಪ್ಪಿಕೊಂಡಳು. ಒಪ್ಪಿಕೊಂಡರೂ ಮಸಿನಗುಡಿಯ ಬೀದಿಯಲ್ಲಿ ತಲೆಯೆತ್ತಿ ನಡೆಯಲು ಅವಳಿಗೆ ಬಹಳ ತಿಂಗಳು ಬೇಕಾದವು.

ಕಚೇರಿಯಲ್ಲಿ ಎಲ್ಲ ಮುಗಿದ ಆ ಸಂಜೆ ಗೂಡಲೂರು ಬಸ್‌ಸ್ಟ್ಯಾಂಡಿನಲ್ಲಿ ಅವಳೂ ವಳ್ಳಿಯೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ವಳ್ಳಿಯ ಬಸ್ಸು ಮೊದಲು ಬರುವುದಿತ್ತು. ಹುಡುಗಿ ಧನ್ಯವಾದ ಹೇಳುತ್ತಾಳೇನೋ, ಅತ್ತರೆ ಸಮಾಧಾನ ಮಾಡಬೇಕೇನೋ ಎಂದು ಚನ್ನಾಜಮ್ಮ ಸೆರಗು ಸರಿಮಾಡಿಕೊಂಡು ಕಾದಳು. ಎರಡೂ ಆಗಲಿಲ್ಲ.

“ನನ್ ಮ್ಯಾಲೆ ಕೋಪವಾ ವಳ್ಳಿ?” ಎಂದು ಕೊನೆಗೆ ತಾನೇ ಕೇಳಿದಳು.

“ಇಲ್ಲಕ್ಕ.” ವಳ್ಳಿ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. “ನೀವು ಯಾರ ಮಾತೂ ಸುಲಭಕ್ಕೆ ನಂಬಲ್ಲ. ಕೆದಕಿ ಕೆದಕಿ ಕೇಳ್ತೀರಿ. ಎಷ್ಟೋ ಮನೇಲಿ ನಾನೇ ನೋಡಿದ್ದೀನಿ. ಆಗ ನಾನಾಗಿ ಬಾಯಿಬಿಟ್ಟು ಹೇಳೋಕೆ ಆಗ್ತಿರಲಿಲ್ಲ. ಅದಕ್ಕೇ ಅವತ್ತು ನಿಮ್ಮ ಹೆಗಲಿಗೆ ಇಟ್ಟೆ. ನೀವಾದರೆ ಯಾಕೆ ಅಂತ ಕೇಳೇ ಕೇಳ್ತೀರಿ ಅಂದ್ಕೊಂಡೆ.”

ಬಸ್ಸು ಬಂತು. ವಳ್ಳಿ ಚೀಲ ಎತ್ತಿಕೊಂಡು, ಬರ್ತೀನಕ್ಕ ಎಂದು ಎಂದಿನಂತೆಯೇ ಹೇಳಿ, ಹತ್ತಿ ಹೋದಳು. ಚನ್ನಾಜಮ್ಮ ಮಸಿನಗುಡಿಯ ಬಸ್ಸು ಬಂದು ಹೋದದ್ದನ್ನೂ ನೋಡದೆ ಅಲ್ಲೇ ಕೂತಿದ್ದಳು.